ಹಿಂದಿನ ಸೀಟಿನ ಡುಬ್ಬ

ಹೆಲ್ಮೆಟ್ಟಿನ ಮೇಲೆ ಒಂದು ಸಲ ಕುಟ್ಟಿದರೆ ನಿಲ್ಲಿಸಬೇಕು, ಎರಡು ಸಲ ಕುಟ್ಟಿದರೆ ಹೊರಡಬೇಕು. ಇದು ಸೋದರಮಾವನ ಕಾನೂನು. ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರಾಗಿ ದುಡಿದ ಮಾವನಿಗೆ ನಿವೃತ್ತಿ ಸಿಕ್ಕಿತ್ತು, ಅವರ ಬೆರಳ ಗೆಣ್ಣಿಗೆ ಸಿಕ್ಕಿರಲಿಲ್ಲ. ದಿನಾ ಬೆಳಿಗ್ಗೆ ಎದುರು ಮನೆಯಿಂದ ಬಂದು, ಅಳಿಯನ ಹಳೇ ಮೋಟಾರ್ ಸೈಕಲ್ಲಿನ ಹಿಂದಿನ ಸೀಟು ಹತ್ತಿ, "ರೈಟ್!" ಎಂದು ಟಕಟಕ ಎರಡು ಕೊಟ್ಟರೆಂದರೆ, ವಾಚನಾಲಯ ಬರುವವರೆಗೂ ಆ ಗಾಡಿ ಅವರ ಬಸ್ಸು.

ಅಳಿಯನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಓಣಿಯವರಿಗೆಲ್ಲ ಅವನು ಕನ್ನಡಕದವನು. ಗಾಜು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮತ್ತೆ ಉಜ್ಜುವ ಆಸಾಮಿ. ಯಾರಿಗೂ ಮುಖದ ಮೇಲೆ 'ಬೇಡ' ಎಂದವನಲ್ಲ. ಹಾಗಾಗಿ ಮಾವ ದಾರಿಯಲ್ಲಿ ಗುರುತಿನವರು ಕಂಡಾಗಲೆಲ್ಲ ಒಂದು ಕುಟ್ಟಿ ನಿಲ್ಲಿಸಿ, "ಜಾಗ ಇಲ್ಲ ಕಣ್ರೀ, ಹಿಂದಿನದರಲ್ಲಿ ಬನ್ನಿ" ಎಂದು ಹೇಳಿ ಎರಡು ಕುಟ್ಟಿ ಹೊರಡಿಸುತ್ತಿದ್ದರೂ ಅವನು ತುಟಿಪಿಟಕ್ಕೆನ್ನದೆ ಗೇರು ಹಾಕುತ್ತಿದ್ದ.

ಒಂದು ಮಧ್ಯಾಹ್ನ ಅಂಗಡಿಯ ಯಜಮಾನರು ಏನೋ ಯೋಚಿಸುತ್ತ ಮೇಜಿನ ಮೇಲೆ ಟಕಟಕ ಎಂದು ಎರಡು ಸಲ ಪೆನ್ನು ಕುಟ್ಟಿದರು. ಕನ್ನಡಕದವನು ಕೈಯಲ್ಲಿದ್ದ ಗಾಜು ಇಟ್ಟು, ಎದ್ದು, ಬಾಗಿಲವರೆಗೆ ನಡೆದುಬಿಟ್ಟ.

"ಎಲ್ಲಿಗೆ ಹೊರಟೆಯಪ್ಪಾ?"

"ಗೊತ್ತಿಲ್ಲ ಸಾರ್" ಎಂದು ಪೆಚ್ಚುಮೋರೆ ಹಾಕಿದ.

ಅವತ್ತೇ ಅವನು ಸೀಟಕ್ಕನ ಶೆಡ್ಡಿಗೆ ಹೋದದ್ದು. ಗಾಡಿಗಳ ಸೀಟು ಹೊಲಿದು ಹೊಲಿದು ಆಕೆಗೆ ಆ ಹೆಸರೇ ಅಂಟಿಕೊಂಡಿತ್ತು. ಶೆಡ್ಡಿನ ತುಂಬ ರೆಕ್ಸಿನ್ ಸುರುಳಿಗಳು, ಸ್ಪಂಜಿನ ಚೂರುಗಳು, ಚರ್ಮ ಸುಲಿದಂತೆ ಬೋಳಾಗಿ ಕೂತ ಸೀಟುಗಳು. ಆಕೆ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡೇ ಗಾಡಿಗೆ ಒಂದು ಸುತ್ತು ಬಂದಳು.

"ಏನು ಮಾಡ್ಬೇಕಣ್ಣಾ?"

"ಸ್ವಲ್ಪ ಹೊಸ ಥರ ಕಾಣ್ಬೇಕು ಅಕ್ಕಾ. ರೇಸ್ ಗಾಡಿ ಥರ."

"ಹ್ಯಾಂಡಲ್ ತಗ್ಗಿಸ್ತೀನಿ."

"ಬೇಡ, ಬೆನ್ನು ನೋವು."

"ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಹಾಕ್ತೀನಿ."

"ಅಯ್ಯೋ, ಮನೆಯವಳ ಬಟ್ಟೆಗೆಲ್ಲ ಕೆಸರು ಸಿಡಿಯುತ್ತೆ."

"ಪಕ್ಕದ ಈ ಡಬ್ಬಿ?"

"ಅದರಲ್ಲಿ ಗಾಜಿನ ಟ್ರೇ ತಗೊಂಡ್ಹೋಗ್ತೀನಿ, ಅದಿರಲಿ."

ಸೀಟಕ್ಕ ಮೊಳೆಗಳನ್ನು ಅಂಗೈಗೆ ಉಗುಳಿದಳು. "ಏನೂ ಬಿಡಲ್ಲ, ಆದ್ರೆ ಎಲ್ಲ ಬದಲಾಗ್ಬೇಕು. ಮದುವೆಗೆ ಮುಂಚೆ ನನ್ನ ಗಂಡ ಹೀಗೇ ಮಾತಾಡ್ತಿದ್ದ. ನಿಜ ಹೇಳಣ್ಣಾ, ಹಿಂದಿನ ಸೀಟಲ್ಲಿ ಯಾರ್ನ ಕೂರಿಸ್ಕೋಬಾರ್ದು?"

ಕನ್ನಡಕದವನು ಹೆಂಡತಿಗೂ ಪೂರ್ತಿ ಹೇಳದ ಸಂಗತಿಯನ್ನು ಮೊಳೆ ಹಿಡಿದು ನಿಂತ ಆ ಹೆಂಗಸಿನ ಮುಂದೆ ಕಕ್ಕಿಬಿಟ್ಟ. ಮಾವ ಒಳ್ಳೆಯವರು. ಚಿಕ್ಕಂದಿನಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವರು. ಬೇಡ ಅಂದರೆ ಅವರ ಮನಸ್ಸು ಮುರಿಯುತ್ತದೆ. ಬೇಡ ಅನ್ನದಿದ್ದರೆ ಇವನ ತಲೆ ಒಡೆಯುತ್ತದೆ.

"ಅಷ್ಟೇನಾ! ಡುಬ್ಬ ಕೂರಿಸೋಣ ಬಿಡು."

ನಾಲ್ಕು ದಿನದಲ್ಲಿ ಡುಬ್ಬ ತಯಾರಾಯಿತು. ಪ್ಲೈವುಡ್ಡಿನ ಗೂಡು, ಮೇಲೆ ಸ್ಪಂಜು, ಅದರ ಮೇಲೆ ಕಪ್ಪು ರೆಕ್ಸಿನ್, ಅಂಚಿಗೆ ಕೆಂಪು ಹೊಲಿಗೆ. ಹಿಂದಿನ ಸೀಟಿನ ಮೇಲೆ ಅದನ್ನು ಕೂರಿಸಿದರೆ ಗಾಡಿ ಒಂಟಿ ಸವಾರನದು. ಕೆಳಗಿನ ಎರಡು ಚಿಲಕ ಎಳೆದರೆ ಡುಬ್ಬ ಕೈಗೆ ಬರುತ್ತಿತ್ತು, ಅಡಿಯಲ್ಲಿ ಹಳೇ ಸೀಟು ಇದ್ದ ಹಾಗೇ ಇತ್ತು. ಕನ್ನಡಕದವನು ದೂರ ನಿಂತು ನೋಡಿದ. ಹತ್ತಿರ ಬಂದು ನೋಡಿದ. ಇಪ್ಪತ್ತೆಂಟು ವರ್ಷದ ಗಾಡಿ ಸೊಂಟ ಸೆಟೆಸಿ ನಿಂತ ಹಾಗಿತ್ತು. ತಾನು ಸುಳ್ಳು ಹೇಳಲು ಮಾಡಿಸಿದ್ದು ಇಷ್ಟು ಚಂದ ಕಾಣುತ್ತದಲ್ಲ ಎಂದು ಅವನಿಗೆ ನಾಚಿಕೆಯೇ ಆಯಿತು.

ಮರುದಿನ ಮಾವ ಪಂಚೆ ಎತ್ತಿ ಹತ್ತಲು ಬಂದವರು ಹಾಗೇ ನಿಂತರು.

"ಏನೋ ಇದು?"

"ಈಗಿನ ಫ್ಯಾಷನ್ನು ಮಾವ. ಹಿಂದೆ ಸೀಟೇ ಇರಲ್ಲ." ರಾತ್ರಿಯೆಲ್ಲ ಉರು ಹೊಡೆದಿದ್ದ ಮಾತು ಒಂದೇ ಉಸಿರಿಗೆ ಹೊರಬಿತ್ತು.

ಮಾವ ಬಗ್ಗಿ ನೋಡಿದರು. ಡುಬ್ಬದ ಮೇಲೆ ಒಮ್ಮೆ ಕುಟ್ಟಿದರು. ಒಳಗಿನಿಂದ ಟೊಳ್ಳು ಸದ್ದು ಬಂತು. "ಹೂಂ, ಫ್ಯಾಷನ್ನು" ಎಂದು ಬ್ಯಾಗು ಹೆಗಲಿಗೇರಿಸಿ ನಡೆದೇ ಹೋದರು. ಕನ್ನಡಕದವನು ಆ ದಿನ ಹಾಡಿಕೊಂಡು ಅಂಗಡಿ ತಲುಪಿದ. ಆದರೂ ಮಾವ ತಿರುಗಿ ನೋಡದೆ ಹೋದದ್ದು ಸಂಜೆಯವರೆಗೂ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡಿತು.

ನಿಜವಾದ ಫಜೀತಿ ಶುರುವಾದದ್ದು ಸಂಜೆ, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿಯನ್ನು ಕರೆತರುವಾಗ. ಡುಬ್ಬ ಬಿಚ್ಚಿದ್ದಾಯಿತು, ಅವಳು ಕೂತದ್ದಾಯಿತು. ಬಿಚ್ಚಿದ ಡುಬ್ಬ ಎಲ್ಲಿಡುವುದು? ಆ ಮಾತು ಅವನಿಗೂ ಹೊಳೆದಿರಲಿಲ್ಲ, ಸೀಟಕ್ಕನಿಗೂ ಹೊಳೆದಿರಲಿಲ್ಲ. ಕೊನೆಗೆ ಅವಳೇ ಮಡಿಲಲ್ಲಿಟ್ಟುಕೊಂಡಳು. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯ ಹೆಂಗಸು ಇಣುಕಿ, "ಮಲಗಿದೆಯಾ?" ಎಂದು ಮೆತ್ತಗೆ ಕೇಳಿದಳು. "ಈಗ ತಾನೇ" ಎಂದು ಇವಳೂ ಮೆತ್ತಗೆ ಹೇಳಿ ಡುಬ್ಬವನ್ನು ತಟ್ಟಿದಳು.

ಎದುರು ಮನೆಯ ಮಾವನ ಕಣ್ಣಿಗೆ ಬೀಳದಂತೆ, ಮನೆಗೆ ನೂರು ಹೆಜ್ಜೆ ಇರುವಾಗ, ಹಿಟ್ಟಿನ ಗಿರಣಿಯ ಹಿಂದೆ ಅವಳು ಇಳಿಯಬೇಕು, ಡುಬ್ಬ ಮತ್ತೆ ಸೀಟೇರಬೇಕು, ಇವನು ಮುಂದೆ, ಅವಳು ಹಿಂದೆ ನಡೆದು.

"ಕಟ್ಟಿಕೊಂಡ ಗಂಡನ ಜೊತೆ ಕಳ್ಳರ ಥರ ಓಡಾಡ್ತಿದ್ದೀನಿ" ಎಂದಳು ಅವಳು. "ಒಂದು ಮಾತು ಹೇಳಿಬಿಡಿ ಅವರಿಗೆ. ತಿಂದುಬಿಡ್ತಾರಾ?"

"ನಾಳೆ ಹೇಳ್ತೀನಿ ಕಣೇ."

ನಾಳೆ ನಾಳೆ ಎನ್ನುತ್ತ ಒಂಬತ್ತನೆಯ ದಿನ ಬಂತು. ಗಿರಣಿಯ ಹಿಂದೆ ಗಾಡಿ ನಿಂತಿತು. ಅವಳು ಇನ್ನೂ ಇಳಿದಿರಲಿಲ್ಲ.

"ಯಾರ್ರೀ ಟಿಕೆಟ್, ಟಿಕೆಟ್?"

ಹಿಟ್ಟಿನ ಚೀಲ ಹಿಡಿದ ಮಾವ ಗೋಡೆಯ ಮರೆಯಿಂದ ಹೊರಬಂದರು. ಮೀಸೆಯ ಮೇಲೆಲ್ಲ ಹಿಟ್ಟು.

"ಮಡಿಲಲ್ಲಿ ಏನಮ್ಮಾ ಅದು? ಮೂರು ವರ್ಷ ದಾಟಿದ್ರೆ ಅರ್ಧ ಟಿಕೆಟ್ ತಗೋಬೇಕು."

"ಇನ್ನೂ ಒಂಬತ್ತು ದಿನ ಮಾವ" ಎಂದಳು ಅವಳು, ಕಣ್ಣು ಮಿಟುಕಿಸದೆ.

"ಅದು, ಗಾಳಿಗೆ ಬಿಚ್ಕೊಂಡ್ತು ಮಾವ..." ಎಂದು ಕನ್ನಡಕದವನು ತೊದಲಿದ.

"ಚಿಲಕ ಸಮೇತ ಬಿಚ್ಕೊಳ್ತಾ? ಭಾರೀ ಗಾಳಿ ಬಿಡು!" ಮಾವ ಚೀಲ ಕೆಳಗಿಟ್ಟರು. "ಮೊದಲ ದಿನ ಕುಟ್ಟಿದಾಗಲೇ ಗೊತ್ತಾಯ್ತು ಕಣೋ. ಸೀಟಿನ ಕೆಳಗೆ ಬಚ್ಚಿಟ್ಕೊಂಡೋರನ್ನ ಮೂವತ್ತೊಂದು ವರ್ಷ ಹಿಡಿದಿದ್ದೀನಿ. ಸೀಟನ್ನೇ ಬಚ್ಚಿಟ್ಟೋನನ್ನ ನೋಡಿದ್ದು ಇದೇ ಮೊದಲು. ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಈಗ ಹೇಳು."

ಹೆಂಡತಿ ಡುಬ್ಬದ ಮೂಲೆಯಿಂದ ಗಂಡನ ಬೆನ್ನಿಗೆ ತಿವಿದಳು. ಅವನು ಇನ್ನೊಂದು ಸುಳ್ಳು ಹುಡುಕಿದ, ಒಂದೂ ಸಿಗಲಿಲ್ಲ.

"ನೀವು ತಲೆ ಮೇಲೆ ಕುಟ್ಟೋದು ನಂಗೆ ಹಿಡಿಸಲ್ಲ ಮಾವ. ಗಾಡಿ ಓಡಿಸೋನು ನಾನು. ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಗೊತ್ತಿದೆ. ನೀವು ಬೇಡ ಅಂತಲ್ಲ. ಕುಟ್ಟೋದು ಬೇಡ."

ಗಿರಣಿಯೊಳಗೆ ಯಂತ್ರ ಗರಗರ ಎನ್ನುತ್ತಿತ್ತು. ಮಾವ ತಮ್ಮ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

"ಇಷ್ಟು ಹೇಳೋಕೆ ಅಷ್ಟೊಂದು ಸ್ಪಂಜು ಬೇಕಾಯ್ತೇನೋ ನಿಂಗೆ?" ಎಂದರು.

ಹೆಂಡತಿ ಕಿಸಕ್ಕೆಂದಳು. ಮಾವ ಅವಳ ಮಡಿಲಿನಿಂದ ಡುಬ್ಬ ಎತ್ತಿಕೊಂಡು, ಆ ಜಾಗದಲ್ಲಿ ಹಿಟ್ಟಿನ ಚೀಲ ಇಟ್ಟರು. "ಇದನ್ನ ಮನೆಗೆ ಮುಟ್ಟಿಸಿ. ಅದನ್ನ ನಾನು ತರ್ತೀನಿ" ಎಂದು ಡುಬ್ಬವನ್ನು ಕಂಕುಳಲ್ಲಿ ಇರುಕಿಸಿಕೊಂಡು ಹೊರಟರು.

ಬೆಳಿಗ್ಗೆ ಕನ್ನಡಕದವನು ಹಿಂದಿನ ಸೀಟನ್ನು ಒರೆಸಿ ಕಾದು ನಿಂತ. ಮಾವ ಡುಬ್ಬ ಹಿಡಿದೇ ಬಂದರು, ಆದರೆ ಹತ್ತಲಿಲ್ಲ. "ನಡೀತೀನಿ ಕಣೋ. ದಿನಾ ನಡೀರಿ ಅಂತ ಡಾಕ್ಟರು ಬಡ್ಕೊತಾನೇ ಇದ್ದ. ಬರಲ್ಲ ಅಂದ್ರೆ ನೀನು ಬೇಜಾರು ಮಾಡ್ಕೋತೀಯಲ್ಲ ಅಂತ ಹತ್ತುತ್ತಿದ್ದೆ." ಅದು ನಿಜವೋ, ಮಾನ ಉಳಿಸಿಕೊಳ್ಳಲು ಹೇಳಿದ್ದೋ ಅವನಿಗೆ ಬಗೆಹರಿಯಲಿಲ್ಲ. ಅಲ್ಲಿಂದೀಚೆಗೆ ಕಾಲು ನೋವಿದ್ದ ದಿನಗಳಲ್ಲಿ ಮಾತ್ರ ಮಾವ ಹತ್ತುತ್ತಿದ್ದರು, ಎರಡೂ ಕೈ ಜುಬ್ಬದ ಜೇಬಿನಲ್ಲಿಟ್ಟುಕೊಂಡು.

ಡುಬ್ಬ ಮಾತ್ರ ವಾಪಸ್ಸು ಬರಲಿಲ್ಲ. ವಾಚನಾಲಯದ ಮರದ ಬೆಂಚಿನ ಮೇಲೆ ಅದನ್ನು ಹಾಕಿಕೊಂಡು ಮಾವ ಪೇಪರು ಓದುತ್ತಿದ್ದರು. ಉಳಿದ ಮುದುಕರಿಗೆ ಸರದಿ ಪ್ರಕಾರ ಹತ್ತು ಹತ್ತು ನಿಮಿಷ ಬಿಟ್ಟುಕೊಡುತ್ತಿದ್ದರು. ಕೇಳಲು ಹೋದ ಅಳಿಯನಿಗೆ, "ಕೊಡಲ್ಲ ಹೋಗೋ, ಸೊಂಟಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದುಬಿಟ್ಟರು.

ತಿಂಗಳೊಪ್ಪತ್ತಿನಲ್ಲಿ ಕನ್ನಡಕದವನು ಮತ್ತೆ ಸೀಟಕ್ಕನ ಶೆಡ್ಡಿನಲ್ಲಿದ್ದ.

"ಇನ್ನೊಂದು ಡುಬ್ಬ ಬೇಕಿತ್ತು ಅಕ್ಕಾ."

"ಈ ಸಲ ಯಾರಿಂದ ತಪ್ಪಿಸ್ಕೋಬೇಕು?"

"ಯಾರಿಂದಲೂ ಅಲ್ಲ. ಅದಿದ್ರೆ ಗಾಡಿ ಚೆನ್ನಾಗಿ ಕಾಣುತ್ತೆ. ಅಷ್ಟೇ."

"ಹೂಂ, ನಂಬಿದೆ ಬಿಡು."

"ನಿಜ ಅಕ್ಕಾ! ಆದ್ರೆ ಮನೆಯವಳು ಇನ್ಮೇಲೆ ಮಡಿಲಲ್ಲಿ ಇಟ್ಕೊಳ್ಳಲ್ಲ ಅಂದಿದ್ದಾಳೆ. ಎರಡು ಪಟ್ಟಿ ಹೊಲಿದುಕೊಡಿ. ಅವಳು ಕೂತಾಗ ನಾನೇ ಬೆನ್ನಿಗೆ ಹಾಕ್ಕೋತೀನಿ. ಅವಳಿಗೆ ಒರಗೋಕೂ ಆಗುತ್ತೆ."

ಸೀಟಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮೊಳೆಗಳನ್ನು ಬಾಯಿಗೆ ಸೇರಿಸಿ, ಅವನ ಭುಜ ಹಿಡಿದು ಅತ್ತ ತಿರುಗಿಸಿ, ಟೇಪು ಬಿಚ್ಚಿ ಬೆನ್ನು ಅಳೆಯತೊಡಗಿದಳು.