ಅಜ್ಜಿಯ ಅರ್ಧ ಮುಖ

ಕುಮಾಸಿಯ ಆಡುಮ್ ಪೇಟೆಯಲ್ಲಿ ಸತ್ತವರ ದೊಡ್ಡ ಚಿತ್ರವಿರುವ ಅಂತ್ಯಕ್ರಿಯೆಯ ಬ್ಯಾನರ್ ಮಾಡುವುದರಲ್ಲಿ ಸೆರ್ವಾಳಿಗೆ ಸರಿಸಾಟಿ ಇರಲಿಲ್ಲ. ಆದರೆ ಕಂಪ್ಯೂಟರ್ ಅಂಗಡಿಯ ಬೋಂಸು ಮಾರಿದ ಲ್ಯಾಪ್‌ಟಾಪ್ ಬಂದಾಗಿನಿಂದ ದೊಡ್ಡ ಚಿತ್ರ ತೆರೆದರೆ ಸಾಕು, ಪರದೆ ಅಲ್ಲಾಡದೆ ನಿಂತುಬಿಡುತ್ತಿತ್ತು. ಎರಡು ಮನೆಯವರು ಬೈದು ಬೇರೆ ಅಂಗಡಿ ಹಿಡಿದಿದ್ದರು. ಊರಿನ ಅಂತ್ಯಕ್ರಿಯೆಗಳೆಲ್ಲ ಶನಿವಾರವೇ; ಇನ್ನೊಂದು ಶನಿವಾರ ಹೀಗಾದರೆ ಅವಳು ಬಾಗಿಲು ಹಾಕಬೇಕಿತ್ತು.

"ಎಂಟು ಜಿಬಿ ಮೆಮೊರಿ, ಗ್ರಾಫಿಕ್ಸ್ ಕಾರ್ಡಿಗೆ ಬೇರೆ ನಾಲ್ಕು" ಎಂದು ಎದೆ ತಟ್ಟಿ ಮಾರಿದ್ದ ಆ ಪುಣ್ಯಾತ್ಮ. ಚಿತ್ರ ಮೂಡಿಸುವ ಆ ಕಾರ್ಡಿಗೆ ಸ್ವಂತದ್ದೆಂದು ಚಿಟಿಕೆಯಷ್ಟೂ ಇರಲಿಲ್ಲ. ಬೇಕಾದದ್ದನ್ನೆಲ್ಲ ಅದು ಆ ಎಂಟರಿಂದಲೇ ಕಿತ್ತುಕೊಳ್ಳುತ್ತಿತ್ತು. ಕೇಳಲು ಹೋದರೆ, "ಪರದೇಲಿ ನಾಲ್ಕು ಅಂತ ಬರ್ದಿದೆ ನೋಡಿ ಅಕ್ಕಾ, ಕನ್ನಡಕ ಬದಲಾಯ್ಸಿ" ಎಂದು ಹಲ್ಲು ಕಿರಿದ. ಸೆರ್ವಾಳಿಗೆ ಮೈಯೆಲ್ಲ ಉರಿಯಿತು.

ದೇವರು ದೊಡ್ಡವನು. ಆ ವಾರವೇ ಬೋಂಸುವಿನ ಅಜ್ಜಿಯ ಅಂತ್ಯಕ್ರಿಯೆ. ಅವನ ಸೋದರಮಾವ, ಮನೆತನದ ಯಜಮಾನ ಅಡೊಮಾಕೊ, ಬ್ಯಾನರ್ ಹೇಳಿದ್ದು ಸೆರ್ವಾಳಿಗೇ.

ಶುಕ್ರವಾರ ಬೆಳಿಗ್ಗೆ ಮಾವ ಅಳಿಯ ಇಬ್ಬರೂ ಬಂದು ಕೂತರು. ಅಂಗಡಿ ತುಂಬ ಗಿರಾಕಿಗಳು. ಪರದೆಯ ಮೇಲೆ ಅಜ್ಜಿಯ ಹಣೆ ಬಂತು, ಕಣ್ಣು ಬಂತು, ಮೂಗಿನ ಹತ್ತಿರ ನಿಂತೇ ಹೋಯಿತು. ಮೆಮೊರಿ ತಿಂದುಹಾಕಲೆಂದು ಅದೇ ಲ್ಯಾಪ್‌ಟಾಪಿನಲ್ಲಿ ಚಿತ್ರದ ಹಿಂದೆ ಹನ್ನೆರಡು ಚರ್ಚ್ ಹಾಡಿನ ವಿಡಿಯೊಗಳನ್ನು ಸದ್ದಡಗಿಸಿ ಓಡಬಿಟ್ಟಿರುವುದನ್ನು ಸೆರ್ವಾ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲವಲ್ಲ.

"ಅಮ್ಮನ ಬಾಯೆಲ್ಲಿ?" ಅಡೊಮಾಕೊ ಗುಡುಗಿದ.

"ನಂಗೇನ್ ಗೊತ್ತು ಯಜಮಾನ್ರೇ? ಮಾರಿದೋರು ಇಲ್ಲೇ ಕೂತಿದಾರೆ, ಕೇಳಿ."

ಬೋಂಸು ಬೆವರಿದ. "ಅದು... ಮಾವ, ಕಾರ್ಡಿಗೆ ಸ್ವಂತ ಮೆಮೊರಿ ಇಲ್ಲ. ಕಂಪ್ಯೂಟರಿನದನ್ನೇ ಹಂಚ್ಕೊಳ್ಳುತ್ತೆ."

"ಒಂದೇ ಬಟ್ಟಲ ಫುಫು ಮುದ್ದೇನ ಇಬ್ರು ತಿನ್ನೋದು," ಸೆರ್ವಾ ಬಿಡಿಸಿ ಹೇಳಿದಳು. "ಇವನು ಎರಡು ಬಟ್ಟಲು ಅಂತ ಮಾರಿದ. ಇನ್ನೊಂದ್ಸಲ ಜೋರಾಗಿ ಹೇಳಪ್ಪ, ಹಿಂದಿನೋರಿಗೆ ಕೇಳಿಸ್ಲಿಲ್ಲ."

ಗಿರಾಕಿಗಳು ಗೊಳ್ಳೆಂದರು. ಅಡೊಮಾಕೊ ಎದ್ದು ನಿಂತ. "ಅಮ್ಮನ ಬಾಯಿ ಈಗ ತರ್ತೀಯೋ, ನಾಳೆ ಬ್ಯಾನರ್ ಜಾಗದಲ್ಲಿ ನೀನೇ ನಿಲ್ತೀಯೋ?"

ಬೋಂಸು ಎದ್ದೆನೋ ಬಿದ್ದೆನೋ ಎಂದು ಓಡಿ, ತನ್ನ ಅಂಗಡಿಯ ಅತಿ ಒಳ್ಳೆಯ ಯಂತ್ರವನ್ನೇ ತಂದ. ಅದರ ಕಾರ್ಡಿಗೆ ಸ್ವಂತ ಮೆಮೊರಿ ಇತ್ತು. ಮಧ್ಯಾಹ್ನದೊಳಗೆ ಅಜ್ಜಿ ಪೂರ್ತಿ ನಕ್ಕಳು.

"ಆಯ್ತಲ್ಲ ಅಕ್ಕಾ, ಕೊಡಿ ನನ್ನದು," ಎಂದು ಅವನು ಕೈಚಾಚಿದ.

"ನಿನ್ನದು ಅದು," ಅಡೊಮಾಕೊ ಹಳೆಯದನ್ನು ತೋರಿಸಿದ. "ಎತ್ಕೊಂಡ್ ನಡಿ."

ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಬೋಂಸುವನ್ನು ತಡೆದು ಕೇಳಿದಳು, "ಮಾರೋಕಾ ತಮ್ಮಾ? ಎಷ್ಟು ಜಿಬಿ?"

ಬೋಂಸು ಬಾಯಿ ತೆರೆದ. ಬೆನ್ನ ಹಿಂದೆ ಮಾವ ಕೆಮ್ಮಿದ್ದು ಕೇಳಿಸಿತು.

"ಎಂಟು," ಎಂದ. "ಎಲ್ಲಾ ಸೇರಿ ಎಂಟೇ ಅಕ್ಕಾ."