ದೊಡ್ಡದು ಮಾಡಮ್ಮ

ನಗರಸಭೆಯ ಕಿಟಕಿಯಾಚೆ ಕುಳಿತ ಗುಮಾಸ್ತರು ನಕ್ಷೆಯನ್ನು ಹರಡಿ, ಪೆನ್ಸಿಲಿನ ಹಿಂಬದಿಯಿಂದ ಮಾಡಿನ ನೆತ್ತಿಯನ್ನು ತಟ್ಟಿ, "ಇಲ್ಲಿ ಜಾಗ ಸಾಲದು. ಬೆಂಕಿ ಆರಿಸೋಕೆ ಬಂದವರು ಎಲ್ಲಿ ಕಾಲಿಡ್ತಾರೆ?" ಎಂದು ಕೇಳಿದರು.

ಕೇಳಿದ್ದು ಬಡಗಿಯನ್ನು. ಎದೆ ಧಸಕ್ಕೆಂದದ್ದು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿಗೆ. ಆ ಹಾಳೆಯನ್ನು ಅವಳು ಅದುವರೆಗೆ ತಮ್ಮ ಮನೆಯ ಚಿತ್ರವೆಂದೇ ತಿಳಿದಿದ್ದಳು. ಇಳಿಜಾರು ಹೆಂಚಿನ ಮಾಡು, ಅದರ ಹಿಂದುಮುಂದಿನ ಇಳಿಜಾರುಗಳ ಮೇಲೆ ಎರಡೆರಡು ಸಾಲು ಸೋಲಾರ್ ಪ್ಯಾನೆಲ್ಲು, ಅಲ್ಲಿಂದ ಗೋಡೆಗುಂಟ ಇಳಿದುಬರುವ ತಂತಿ. ಈಗ ನೋಡಿದರೆ ಅದನ್ನು ಬರೆದವರೂ ಓದಿದವರೂ ಈ ಮನೆ ಹೊತ್ತಿ ಉರಿಯುವ ಒಂದು ದಿನವನ್ನು ಆಗಲೇ ಕಣ್ಣಮುಂದೆ ತಂದುಕೊಂಡಿದ್ದರು. ಯಾವ ಕಡೆಯಿಂದ ಹತ್ತಬೇಕು, ಎಲ್ಲಿ ಹೆಂಚು ಒಡೆದು ಹೊಗೆಯನ್ನು ಹೊರಗೆ ಬಿಡಬೇಕು ಎಂಬುದಕ್ಕೂ ಅದರಲ್ಲಿ ಗೆರೆ ಇತ್ತು.

ಬಡಗಿ ಅದನ್ನು ಹಾಗೆ ಓದಲಿಲ್ಲ. ದಾರಿಯುದ್ದಕ್ಕೂ ಗುಮಾಸ್ತರ ಪೆನ್ಸಿಲನ್ನು ಬೈಯುತ್ತ ಬಂದ. ಆ ಮಾಡಿನ ಒಂದೊಂದು ತೊಲೆಯನ್ನೂ ಕೆತ್ತಿ ಕೂರಿಸಿದವನು ತಾನು, ಅದರ ಮೇಲೆ ಬೇರೆಯವರು ಬಂದು ಮೊಳೆ ಹೊಡೆಯುವುದು ತನಗೆ ಆಗದು ಎಂಬ ಹಟದಿಂದಲೇ ಅವನು ಈ ಕೆಲಸಕ್ಕೆ ಇಳಿದದ್ದು. ಸಾಮಾನುಗಳೆಲ್ಲ ಪೆಟ್ಟಿಗೆಗಳಲ್ಲಿ ಬಂದಿದ್ದವು. ಪರವಾನಗಿಯ ನಕ್ಷೆ ಬರೆದುಕೊಡುವುದು, ಜೋಡಿಸುವಾಗ ಫೋನಿನಲ್ಲಿ ದಾರಿ ಹೇಳುವುದು, ಇಷ್ಟಕ್ಕೆ ಕಂಪನಿಯವರು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದರು. ಮುಖ ಕಂಡವರಿಲ್ಲ. ಮನೆಯಲ್ಲಿ ಅವಳಿಗೆ ನಕ್ಷೆಯಮ್ಮ ಎಂದು ಹೆಸರಿಟ್ಟುಕೊಂಡಿದ್ದರು. ಅವಳು ಮೇಲಿನ ಸಾಲನ್ನು ಕೆಳಕ್ಕೆ ಜರುಗಿಸಿ ಹೊಸ ನಕ್ಷೆ ಕಳಿಸಿದಳು, ಗುಮಾಸ್ತರು ಈ ಸಲ ತಲೆಯಾಡಿಸಿ ಮುದ್ರೆ ಒತ್ತಿದರು.

ಬಡಗಿಗೆ ಪ್ಯಾನೆಲ್ಲೆಂದರೆ ಹಲಗೆ. ಹಾಗೆಂದೇ ಕರೆಯುತ್ತಿದ್ದ. "ಇವತ್ತು ಮೂರು ಹಲಗೆ ಕೂರಿಸಿದೆ," ಎನ್ನುತ್ತ ಸಿಳ್ಳೆ ಹಾಕಿಕೊಂಡು ಏಣಿ ಇಳಿಯುತ್ತಿದ್ದ. ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಮೇಲೆ ಅವನ ಹೆಜ್ಜೆಯ ಸದ್ದು ನಿಂತಾಗಲೆಲ್ಲ ಅವಳ ಕೈಯೂ ನಿಲ್ಲುತ್ತಿತ್ತು. ನಕ್ಷೆಯಮ್ಮ ಒಂದು ಮಧ್ಯಾಹ್ನ ಫೋನಿನಲ್ಲಿ ಹೇಳಿದ ಮಾತನ್ನು ಅವಳು ಮರೆತಿರಲಿಲ್ಲ. ಕೆಳಗೆ ಸ್ವಿಚ್ಚು ಆಫ್ ಮಾಡಿದರೆ ಕರೆಂಟು ಹರಿಯುವುದು ನಿಲ್ಲುತ್ತದೆ, ಅಷ್ಟೆ. ಬಿಸಿಲು ಬೀಳುತ್ತಿರುವಷ್ಟು ಹೊತ್ತೂ ಪ್ಯಾನೆಲ್ಲಿಗೆ ಜೀವ ಇದ್ದೇ ಇರುತ್ತದೆ, ಅದನ್ನು ಸಾಯಿಸುವ ಸ್ವಿಚ್ಚು ಯಾವುದೂ ಇಲ್ಲ.

"ಇನ್ನೊಂದು ಮಾತು ಅಕ್ಕಾ," ಎಂದಿದ್ದಳು, "ಕರೆಂಟ್ ಹರೀತಿರುವಾಗ ಮಾತ್ರ ಆ ಪ್ಯಾನೆಲ್ ತಂತಿಗಳನ್ನ ಸೇರಿಸೋ ಕೊಂಡಿಗಳನ್ನ ಬಿಚ್ಚಬಾರದು. ಮನೆ ಪ್ಲಗ್ ಥರ ಚಟ್ ಅಂತ ಕಿಡಿ ಹಾರಿ ಸುಮ್ಮನಾಗಲ್ಲ ಅದು. ಎರಡು ತುದಿಗಳ ಮಧ್ಯೆ ಉರೀತಾ ನಿಂತುಬಿಡುತ್ತೆ."

ಅವಳ ಹಿಂದೆ ಒಂದು ಮಗು ಏನನ್ನೋ ಬೇಕೆಂದು ಅಳುತ್ತಿತ್ತು. ಇಷ್ಟು ಭಯಂಕರವಾದದ್ದನ್ನು ಇಷ್ಟು ಸಮಾಧಾನದ ದನಿಯಲ್ಲಿ ಹೇಳಬಹುದೇ ಎಂದು ಬಡಗಿಯ ಹೆಂಡತಿಗೆ ಅನ್ನಿಸಿತು.

ಮನೆಯಲ್ಲಿದ್ದ ಮೂರನೆಯವರು ಅತ್ತೆ. ಬೆಳಗಿನ ಹೊತ್ತು ತರಕಾರಿ ಹೆಚ್ಚುತ್ತ ಬಾಯಿಪಾಠದ ಪದ್ಯಗಳನ್ನು ಒಂದಾದ ಮೇಲೊಂದು ಹೇಳಿಕೊಳ್ಳುವವರು. ಸೊಸೆಯ ತವರಿನಲ್ಲೂ ತಂದೆ ದಿನಾ ಕಾವ್ಯ ಓದುತ್ತಿದ್ದುದರಿಂದ, ಈ ಮನೆಗೆ ಬಂದ ಮೊದಲ ದಿನವೇ ಅವಳಿಗೆ ಅತ್ತೆಯ ಮೇಲೆ ಮನಸ್ಸು ಕೂತಿತ್ತು. ಎಲ್ಲೋ ಒಂದು ಅಕ್ಷರ ಜಾರಿದರೂ ಇಬ್ಬರೂ ಒಟ್ಟಿಗೆ ತಲೆಯೆತ್ತುತ್ತಿದ್ದರು.

ಮಾತಿನ ವಿಷಯದಲ್ಲಿ ಅತ್ತೆಗೆ ಬಹಳ ಮಡಿ. ಅಕ್ಕಿ ಮುಗಿಯಿತೆಂದು ಅವರ ಬಾಯಲ್ಲಿ ಬಾರದು, ಅಕ್ಕಿ ಹೆಚ್ಚಿದೆ ಎನ್ನುವರು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರಿಸು ಎನ್ನುವುದಂತೂ ಆ ಮನೆಯಲ್ಲಿ ನಿಷಿದ್ಧ. ದೀಪ ದೊಡ್ಡದು ಮಾಡು ಎನ್ನಬೇಕು. ಎಣ್ಣೆಯ ದೀಪಕ್ಕೆ ಹೇಳುತ್ತಿದ್ದುದನ್ನೇ ಅವರು ಬಲ್ಬಿಗೂ ಫ್ಯಾನಿಗೂ ಒಲೆಗೂ ಹೇಳುತ್ತಿದ್ದರು. ಮಗನೂ ಅದನ್ನೇ ಕೇಳಿ ಬೆಳೆದವನು. ಮರದ ಅಂಗಡಿಯಲ್ಲಿ ಒಮ್ಮೆ ಗರಗಸದ ಯಂತ್ರವನ್ನು ದೊಡ್ಡದು ಮಾಡಿ ಎಂದುಬಿಟ್ಟದ್ದಕ್ಕೆ ಅಲ್ಲಿಯವರು ಅವನನ್ನು ವಾರಗಟ್ಟಲೆ ದೊಡ್ಡಣ್ಣ ಎಂದು ಗೇಲಿ ಮಾಡಿದ್ದರು.

ಸೊಸೆ ಅಂಗಡಿಗೆ ಹೋಗಿದ್ದಾಗ ನಕ್ಷೆಯಮ್ಮನ ಫೋನು ಬಂತು. ಜೋಡಣೆ ಮುಗಿದಿದೆ, ತಪಾಸಣೆಯವರು ಬಂದು ನೋಡುವ ತನಕ ಎಲ್ಲ ಆಫ್ ಆಗಿಯೇ ಇರಬೇಕು, ಹಾಗೇ ಇದೆಯೇ ಎಂದು ಅವಳ ಪ್ರಶ್ನೆ. ಅತ್ತೆ, ಅಯ್ಯೋ, ನಿನ್ನೆಯೇ ಎಲ್ಲವನ್ನೂ ದೊಡ್ಡದು ಮಾಡಿಯಾಯಿತು ಎಂದು ಭರವಸೆ ಕೊಟ್ಟರು. ಆ ಕಡೆಯವಳು ಗಾಬರಿಬಿದ್ದು ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂದಳಂತೆ. ಅತ್ತೆ, ನಾನೇ ಮಾಡಿದ್ದು, ದಿನಾ ನಾನೇ ಮಾಡುವುದು ಎಂದರಂತೆ.

ಸೊಸೆ ಬಂದು ಅದನ್ನು ಸರಿಮಾಡುವಷ್ಟರಲ್ಲಿ ಬೆವರಿಳಿದಿತ್ತು. ಫೋನು ಇಟ್ಟ ಮೇಲೆ ಅತ್ತೆಯ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು.

"ಅತ್ತೆ, ಬೇರೆಲ್ಲಾದರೂ ಹೇಗಾದರೂ ಅನ್ನಿ. ಆ ಸ್ವಿಚ್ಚಿನ ಪೆಟ್ಟಿಗೆ ಹತ್ರ ಮಾತ್ರ ಮಾತಿಗೆ ಇದ್ದ ಅರ್ಥವೇ ಅರ್ಥ. ಆಫ್ ಅಂದ್ರೆ ಆಫು. ದೊಡ್ಡದು ಅಂದ್ರೆ ದೊಡ್ಡದೇ, ಆನು. ಒಂದು ಮಾತು ಹೆಚ್ಚುಕಮ್ಮಿಯಾದ್ರೆ ಜೀವಕ್ಕೇ ಬರುತ್ತೆ."

ಅತ್ತೆಗೆ ಚುಚ್ಚಿದಂತಾಯಿತು. ಆದರೂ, "ಆಯ್ತಮ್ಮ, ಮಗನ ಜೀವದ ವಿಷಯ. ನೀನು ಹೇಳಿದ ಹಾಗೇ," ಎಂದರು. ಹೇಳಿದ ಹಾಗೇ ಎಂದರೆ ಅವರು ಹಾಗೇ ನಡೆಯುವವರು. ಈ ಒಪ್ಪಂದವನ್ನು ಗಂಡನಿಗೆ ತಿಳಿಸಬೇಕೆಂದು ಸೊಸೆಗೆ ಹೊಳೆಯಲಿಲ್ಲ.

ತಪಾಸಣೆಯವರು ಬಂದದ್ದು ಬಿಸಿಲು ಚುರುಗುಟ್ಟುವ ಹೊತ್ತಿಗೆ. ಎಲ್ಲವನ್ನೂ ಆನ್ ಮಾಡಿಸಿ, ಅಳೆದು, ಬಡಗಿಯ ಕೆಲಸವನ್ನು ಬಾಯ್ತುಂಬ ಹೊಗಳಿದರು. ಕೊನೆಗೆ ಏಣಿ ಹತ್ತಿ ಹಿಂದಿನ ಇಳಿಜಾರಿನ ಕೊಂಡಿಗಳನ್ನು ನೋಡಿ ನಾಲಿಗೆ ಲೊಚಗುಟ್ಟಿದರು. ಒಂದು ಕೊಂಡಿ ಕಳೆದುಹೋಗಿದ್ದಕ್ಕೆ ಬಡಗಿ ಅಂಗಡಿಯಿಂದ ಬೇರೆ ಕಂಪನಿಯದನ್ನು ತಂದು ಸೇರಿಸಿದ್ದ. ನೋಡಲು ಒಂದೇ ಥರ. ಆದರೆ ಒಂದು ಕಂಪನಿಯ ಗಂಡು ತುದಿಗೆ ಇನ್ನೊಂದರ ಹೆಣ್ಣು ತುದಿ ಬಿಗಿಯಾಗಿ ಕೂರುವುದಿಲ್ಲ, ಬಿಸಿಯಾಗಿ ಕರಗುತ್ತದೆ. "ಈ ಸಂಬಂಧ ಬೆಳೆಯಲ್ಲ, ಬಿಡಿಸಿಬಿಡಿ," ಎಂದು ನಕ್ಕರು. ಸಂಜೆ ಇದೇ ದಾರಿಯಲ್ಲಿ ಹೋಗುವಾಗ ನೋಡಿ ಸಹಿ ಹಾಕುವುದಾಗಿ ಹೇಳಿ ಹೊರಟರು. ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಒಗ್ಗುವಂತೆ ಮಾಡುವ ಇನ್ವರ್ಟರ್ ಯಂತ್ರ ಓಡುತ್ತಲೇ ಇತ್ತು.

ನಕ್ಷೆಯಮ್ಮನಿಗೆ ಫೋನು ಮಾಡಿದರು. ಅವಳು ಕ್ರಮ ಹೇಳಿದಳು. ಮೊದಲು ಕೆಳಗಿನ ಎರಡೂ ಸ್ವಿಚ್ಚು ಆಫ್. ಆಮೇಲೆ ಮೇಲೆ ತಂತಿಯನ್ನು ಕರೆಂಟು ಅಳೆಯುವ ಇಕ್ಕಳದಂಥ ಮೀಟರಿನ ಬಾಯಿಗೆ ಕೊಟ್ಟು, ಏನೂ ಹರಿಯುತ್ತಿಲ್ಲ ಎಂದು ನೋಡಬೇಕು. ಆಮೇಲೆಯೇ ಕೊಂಡಿಗೆ ಕೈ. ಅಲ್ಲಿಯವರೆಗೆ ತಾನು ಫೋನು ಇಡುವುದಿಲ್ಲ ಎಂದಳು.

ಸ್ವಿಚ್ಚುಗಳಿದ್ದದ್ದು ಮನೆಯ ಹಿಂಬದಿಯ ಓಣಿಯಲ್ಲಿ, ಏಣಿ ಮುಂದಿನ ಅಂಗಳದಲ್ಲಿ. ಅತ್ತೆ ಓಣಿಗೆ ಹೋಗಿ ನಿಂತರು. ಸೊಸೆ ಫೋನನ್ನು ಕೊರಳಿಗೆ ತೂಗುಹಾಕಿಕೊಂಡು ಏಣಿಯ ಬುಡ ಹಿಡಿದಳು. ಗಂಡ ಹತ್ತುತ್ತಿರುವಾಗಲೇ ಅವಳು, "ಅತ್ತೆ, ಎರಡೂ ಆಫ್ ಮಾಡಿ," ಎಂದು ಕೂಗಿದಳು. "ಆಫ್ ಮಾಡಿದೆ," ಎಂದು ಉತ್ತರ ಬಂತು. ಯಂತ್ರದ ಗುಂಯ್‌ ಎನ್ನುವ ಸದ್ದು ನಿಂತಿತು. ಅವಳ ಉಸಿರು ಸ್ವಲ್ಪ ಸಡಿಲವಾಯಿತು.

ಹೆಂಚಿನ ಮೇಲೆ ಬೂಟು ಜಾರುವ ಗಲಾಟೆಯಲ್ಲಿ ಗಂಡನಿಗೆ ಇದೊಂದೂ ಕೇಳಿಸಿರಲಿಲ್ಲ. ಅವನು ನೆತ್ತಿ ದಾಟಿ ಹಿಂದಿನ ಇಳಿಜಾರಿಗೆ, ತಾಯಿ ನಿಂತಿದ್ದ ಓಣಿಯ ಸರಿಯಾಗಿ ಮೇಲಕ್ಕೆ, ತೆವಳಿಕೊಂಡು ಹೋದ. ಅಲ್ಲಿಂದ ಅವನ ದನಿ ಕೇಳಿಸಿತು.

"ಅಮ್ಮಾ, ದೊಡ್ಡದು ಮಾಡಮ್ಮ."

ಮುಂದಿನ ಅಂಗಳದಲ್ಲಿದ್ದ ಹೆಂಡತಿಗೂ ಅದು ಕೇಳಿಸಿತು. ಅವನು ಹುಟ್ಟಿದಾಗಿನಿಂದ ಕೇಳಿದ ಮಾತು. ತಾಯಿಯ ಮನಸ್ಸು ನೋಯಿಸದೆ ಎಷ್ಟು ಚೆನ್ನಾಗಿ ಕೇಳಿದ ಎಂದು ಅವಳಿಗೆ ಒಂದು ಕ್ಷಣ ಹಿತವೇ ಆಯಿತು.

"ಮಾಡಿದೆ ಮಗಾ," ಎಂದರು ಅತ್ತೆ.

ನಕ್ಷೆಯಮ್ಮ ಮೀಟರು ಏನು ತೋರಿಸುತ್ತಿದೆ ಎಂದು ಕೇಳಿದಳು. ಸೊಸೆ ಅದನ್ನು ಮೇಲಕ್ಕೆ ಕೂಗಿ ದಾಟಿಸಿದಳು. ಅಮ್ಮ ಮಾಡಿದೆ ಅಂದಾಯ್ತಲ್ಲ, ಇನ್ನು ಮೀಟರು ಯಾಕೆ ಎಂಬರ್ಥದ ಗೊಣಗು ಮೇಲಿನಿಂದ ಬಂತು. ಅವಳು ಕೆಳಗೆ ನೋಡಿದಳು. ಮೀಟರು ಅವಳ ಕಾಲ ಬುಡದಲ್ಲೇ, ಉಪಕರಣದ ಡಬ್ಬಿಯಲ್ಲಿ, ಬಾಯಿ ಮುಚ್ಚಿಕೊಂಡು ಬಿದ್ದಿತ್ತು.

ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಹಿಂದಿನಿಂದ ಗುಂಯ್‌ ಎಂಬ ಸದ್ದು ಎದ್ದಿತು.

ಆ ಯಂತ್ರ ಸ್ವಿಚ್ಚು ಹಾಕಿದ ಕೂಡಲೆ ಏಳುವುದಲ್ಲ. ಸ್ವಲ್ಪ ಹೊತ್ತು ಕಾದು, ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡು, ಆಮೇಲೆ ಏಳುತ್ತದೆ. ತಪಾಸಣೆಯವರೇ ಅದನ್ನು ಹೇಳಿದ್ದರು. ಹಾಗಾದರೆ ಅತ್ತೆ ಆಗ ಮಾಡಿದೆ ಎಂದದ್ದು ಆನ್ ಮಾಡಿದ್ದನ್ನು. ಮೇಲಕ್ಕೆ ಕೂಗಲು ಹೊರಟಳು. ಕೂಗಿದಾಗ ಅವನು ಬೆಚ್ಚಿಬಿದ್ದು ಜಾರಿದರೆ? ಏಣಿಯನ್ನು ಬಿಟ್ಟು, ಮನೆಯೊಳಗಿಂದಲೇ, ಹೊಲಿಗೆಯ ಯಂತ್ರಕ್ಕೆ ಡಿಕ್ಕಿ ಹೊಡೆದುಕೊಂಡು ಅವಳು ಓಡಿದಳು.

ಓಣಿಯಲ್ಲಿ ಅತ್ತೆ ಹೇಳಿದ ಕೆಲಸ ಮಾಡಿ ಮುಗಿಸಿದವರಂತೆ ಕೈಕಟ್ಟಿ ನಿಂತಿದ್ದರು. ಯಂತ್ರದ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಅದೇ ಗಳಿಗೆಗೆ ನೆತ್ತಿಯ ಮೇಲೆ ಹೊಸ ಬಟ್ಟೆಯನ್ನು ಉದ್ದಕ್ಕೂ ಹರಿದಂಥ ಸದ್ದು. ಬಟ್ಟೆಯಾದರೆ ತುದಿ ಮುಟ್ಟಿ ನಿಲ್ಲಬೇಕು. ಇದು ನಿಲ್ಲಲಿಲ್ಲ, ಹರಿಯುತ್ತಲೇ ಹೋಯಿತು. ಅವಳು ಸ್ವಿಚ್ಚಿನ ಕೆಂಪು ತಿರುಗಣಿಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದಳು.

ಸದ್ದು ನಿಂತಿತು. ಎಲ್ಲವೂ ನಿಂತಿತು.

"ಯಾಕಮ್ಮ?" ಎಂದರು ಅತ್ತೆ. "ದೊಡ್ಡದು ಮಾಡು ಅಂದ್ನಲ್ಲ ಅವನು. ಇಲ್ಲಿ ದೊಡ್ಡದು ಅಂದ್ರೆ ದೊಡ್ಡದೇ ಅಂತ..."

ಅವರು ಮಾತು ಮುಗಿಸುವ ಮೊದಲೇ ಸೊಸೆ ಏಣಿಯ ಕಡೆಗೆ ಹೋಗಿಯಾಗಿತ್ತು. ಅವಳು ಎಂದೂ ಮಾಡು ಹತ್ತಿದವಳಲ್ಲ. ಹತ್ತುವಾಗ ಮೇಲಿನಿಂದ ಒಂದು ನರಳಿಕೆಯಾದರೂ ಕೇಳಿಸಲಿ, ಬೈಗುಳವಾದರೂ ಕೇಳಿಸಲಿ ಎಂದು ದೇವರನ್ನು ಬೇಡುತ್ತಿದ್ದಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟರೆ ಏನೂ ಬರಲಿಲ್ಲ.

ನೆತ್ತಿಯಿಂದ ಇಣುಕಿದಳು. ಬಡಗಿ ಹೆಂಚಿಗೆ ಎದೆಯೊತ್ತಿ ಬಿದ್ದಿದ್ದ. ಎಡಗೈ ಪ್ಯಾನೆಲ್ಲಿನ ಕೆಳಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಬಲಗೈಯ ಕೈಗವಸಿನ ಬೆರಳುಗಳು ಕಪ್ಪಾಗಿ ಕರಗಿದ್ದವು. ಕೊಂಡಿಯ ಎರಡು ತುದಿಗಳು ಬೇರೆಬೇರೆಯಾಗಿ ಗಾಳಿಗೆ ತೂಗುತ್ತಿದ್ದವು. ಅವನು ಅವುಗಳನ್ನೇ ನೋಡುತ್ತಿದ್ದ. ಕಣ್ಣು ಮಿಟುಕಿಸಿದಾಗಲೇ ಅವಳಿಗೆ ಅವನು ಬದುಕಿದ್ದಾನೆಂದು ನಂಬಿಕೆ ಬಂದದ್ದು.

"ನೀಲಿ ಬೆಂಕಿ," ಎಂದ.

ಕೊರಳ ಫೋನಿನಿಂದ ನಕ್ಷೆಯಮ್ಮನ ದನಿ ಎಷ್ಟು ಹೊತ್ತಿನಿಂದ ಕರೆಯುತ್ತಿತ್ತೋ. "ಅಕ್ಕಾ, ಇದೀರಾ? ಯಾರಾದ್ರೂ ಮಾತಾಡಿ."

"ಇದೀವಿ," ಎಂದಳು.

ಆ ಕಡೆ ಉಸಿರು ಬಿಟ್ಟ ಸದ್ದು. ನಡೆದದ್ದನ್ನು ಕೇಳಿ ತಿಳಿದುಕೊಂಡು, ಈಗ ಮೊದಲಿನಷ್ಟು ಸಮಾಧಾನವಿಲ್ಲದ ದನಿಯಲ್ಲಿ, ತೂಗುತ್ತಿರುವ ಆ ತುದಿಗಳನ್ನು ಯಾವ ಕಾರಣಕ್ಕೂ ಮುಟ್ಟಕೂಡದು, ಅವಕ್ಕೆ ಈಗಲೂ ಜೀವ ಇದೆ, ಇಬ್ಬರೂ ಇಳಿದುಬಿಡಿ ಎಂದಳು. ಕತ್ತಲಾಗುವ ತನಕ ಯಾರೂ ಮೇಲೆ ಹತ್ತಬಾರದು. ಕತ್ತಲಾದ ಮೇಲೆ ಬಲ್ಲವನೊಬ್ಬನನ್ನು ತಾನೇ ಕಳಿಸುವುದಾಗಿಯೂ, ತಪಾಸಣೆಯವರಿಗೂ ತಾನೇ ಹೇಳುವುದಾಗಿಯೂ ಅಂದಳು.

ಬಡಗಿ ಪಟ್ಟಿಯನ್ನು ಬಿಡಲೊಲ್ಲ. ಸಿಳ್ಳೆ ಹಾಕಿಕೊಂಡು ಇದೇ ಮಾಡಿನ ಮೇಲೆ ಓಡಾಡಿದ ಮನುಷ್ಯ. ಅವಳು ತೆವಳಿ ಹತ್ತಿರ ಹೋಗಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಏಣಿಯಲ್ಲಿ ತಾನು ಕೆಳಗೆ ನಿಂತು, ಅವನ ಪಾದವನ್ನು ಹಿಡಿದು ಮೆಟ್ಟಿಲ ಮೇಲಿಟ್ಟು, ಮತ್ತೊಂದನ್ನು ಹಿಡಿದು ಇಟ್ಟು, ಹಾಗೇ ಇಳಿಸಿದಳು.

ಅಂಗಳದಲ್ಲಿ ಅತ್ತೆ ಕಾಯುತ್ತಿದ್ದರು. ಮಗನ ಕೈಗವಸನ್ನು ಮೆಲ್ಲಗೆ ಎಳೆದು ತೆಗೆದರು. ಒಳಗೆ ಬೆರಳು ಕೆಂಪಾಗಿ ಬೊಬ್ಬೆಯೆದ್ದಿತ್ತು, ಅಷ್ಟೆ. ಅವರು ಕೈಗವಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾರೂ ವಿವರಿಸಲಿಲ್ಲ, ಆದರೆ ಅವರ ಮುಖದಲ್ಲಿ ಅರ್ಥವಾಗುತ್ತ ಹೋದದ್ದು ಸೊಸೆಗೆ ಕಂಡಿತು.

"ನನ್ನ ಕೈಯಾರೆ ಹಾಕಿದೆನಲ್ಲಮ್ಮ."

"ನಾನೇ ಹೇಳಿಕೊಟ್ಟಿದ್ದು ಅತ್ತೆ."

ಮಗ ಇಬ್ಬರನ್ನೂ ನೋಡಿದ. ಏಣಿಯ ಬುಡದಲ್ಲಿದ್ದ ಮೀಟರನ್ನೂ ನೋಡಿದ.

ಮನೆಯೊಳಗೆ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ಅತ್ತೆ ಬಕೆಟ್ಟಿನಲ್ಲಿ ನೀರು ತಂದರು, ಮಗನ ಕೈಯನ್ನು ಅದರಲ್ಲಿ ಅದ್ದಿ ಹಿಡಿದರು. ಮೂವರೂ ಜಗಲಿ ಬಿಟ್ಟು ದೂರ, ಗೇಟಿನ ಹತ್ತಿರ ಕುಳಿತರು. ನೆತ್ತಿಯಾಚೆ ಆ ತುದಿಗಳು ಗಾಳಿಗೆ ಎಲ್ಲಿ ಏನನ್ನು ಮುಟ್ಟುತ್ತಿವೆಯೋ ಇಲ್ಲಿಂದ ಕಾಣದು. ಮುಂದಿನ ಪ್ಯಾನೆಲ್ಲುಗಳು ಮಾತ್ರ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಒಂದು ಮೋಡ ಬಂತು. ಮೂವರೂ ತಲೆಯೆತ್ತಿದರು. ಅದು ನಿಲ್ಲದೆ ದಾಟಿಹೋಯಿತು.

ಅತ್ತೆ ಸೂರ್ಯನ ಕಡೆಗೆ ಕೈಮುಗಿದರು. ಉದಯಕ್ಕೆ ಮುಗಿಯುವ ಕೈ ಅದು. ಬೇಗ ಹೋಗಪ್ಪ ಎಂದು ಅವನನ್ನು ಬೇಡಿಕೊಂಡದ್ದು ಅವರ ಜನ್ಮದಲ್ಲಿ ಅದೇ ಮೊದಲು. ಬೇಡಿಕೊಂಡ ಮೇಲೆ ಅವರೇ ಬೆದರಿ ಬಾಯಿಗೆ ಸೆರಗು ಒತ್ತಿಕೊಂಡರು.

"ಇನ್ನೂ ಎಷ್ಟು ಹೊತ್ತು?" ಎಂದು ಬಡಗಿ ಕೇಳಿದ.

ಅವಳು ಬೀದಿಯ ಕಡೆ ನೋಡಿದಳು. ತಮ್ಮ ಮನೆಯ ನೆರಳು ಇನ್ನೂ ಗೇಟನ್ನೇ ದಾಟಿರಲಿಲ್ಲ.