ಹಲ್ಲಿಲ್ಲದವನ ಎಲೆ

ಮುನೆಪ್ಪನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅದಕ್ಕೇ ಪಂಕ್ತಿಗೆ ಪಂಕ್ತಿಯೇ ಕಾದು ಕೂತಿತ್ತು. ಮಿಕ್ಕವರ ಎಲೆಗಳು ಬರಿದಾಗಿ, ಬೆರಳಿನ ಎಂಜಲು ಒಣಗಿ ಬಿಗಿಯುತ್ತಿದ್ದರೂ ಯಾರೂ ಏಳುವಂತಿಲ್ಲ. ಎಲ್ಲರಿಗಿಂತ ಹಿರಿಯವನು ಎಲೆ ಮಡಚುವ ತನಕ ಕಿರಿಯರು ಕದಲಬಾರದು. ನೇಕಾರರ ಕೇರಿಯಲ್ಲಿ ಇದನ್ನು ಮೀರಿದವರನ್ನು ಮುಂದಿನ ಊಟಕ್ಕೆ ಕರೆಯುತ್ತಿರಲಿಲ್ಲ. ಮುನೆಪ್ಪ ಓಳಿಗೆಯನ್ನು ಹಾಲಲ್ಲಿ ನೆನೆಸಿ, ಕಿವುಚಿ, ವಸಡಿನ ನಡುವೆ ಇಟ್ಟು ಕಣ್ಣು ಮುಚ್ಚಿ ಅಗಿಯುತ್ತಿದ್ದ.

ಪಕ್ಕದಲ್ಲಿ ಮೊಮ್ಮಗ ಆಂಜನಪ್ಪ. ಕಲ್ಯಾಣದುರ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವನು ಬೇಸಿಗೆ ರಜೆಗೆ ಹಿಂದೂಪುರಕ್ಕೆ ಬಂದಿದ್ದ. ಎದುರು ಸಾಲಿನಲ್ಲಿ ಅವನ ತಾಯಿ ಬನಶಂಕರಮ್ಮ, ಕೇರಿಯ ಹೆಂಗಸರ ಜೊತೆ.

ಹುಣಸೆ ಮಂಡಿಯ ಸಾಹುಕಾರ ಸುಬ್ಬರಾಯಪ್ಪ ಮೊಮ್ಮಗನಿಗೆ ಹೆಸರಿಡುವ ನೆವದಲ್ಲಿ ಕೇರಿಯನ್ನೆಲ್ಲ ಛತ್ರಕ್ಕೆ ಕರೆಸಿದ್ದ. "ಯಾರ ಮನೇಲೂ ಒಲೆ ಹಚ್ಚಬಾರ್ದು" ಅಂತ ಅವನ ಗುಮಾಸ್ತ ಸೋಮಶೇಖರಪ್ಪ ಗುಡಿಸಲು ಗುಡಿಸಲಿಗೂ ಕುಂಕುಮ ಕೊಟ್ಟು ಹೇಳಿ ಹೋಗಿದ್ದ. ಒಲೆ ಹಚ್ಚದ ಕರೆ ಅಂದರೆ ಕೈಗೂಸಿನಿಂದ ಮುದುಕರವರೆಗೆ ಎಲ್ಲರೂ ಹೋಗಬೇಕು; ಒಬ್ಬರು ಮನೆಯಲ್ಲಿ ಉಳಿದರೂ ಕರೆದವರಿಗೆ ಅವಮಾನ. ಹೋದ ವರ್ಷ ಇದೇ ಸಾಹುಕಾರ ಗೋಡೌನ್ ಕಟ್ಟಲು ಕೇರಿಯ ಜಾಗ ಬೇಕೆಂದು ಗುಡಿಸಲು ಕೀಳಲು ಆಳುಗಳನ್ನು ಕಳಿಸಿದ್ದಾಗ ಹೆಂಗಸರು ಲಾರಿಗೆ ಅಡ್ಡ ಮಲಗಿದ್ದರು. "ಈಗ ಅವನ ಮನಸ್ಸು ತಿರುಗೈತೆ ಕಣಪ್ಪ" ಅಂದಿದ್ದಳು ಬನಶಂಕರಮ್ಮ.

ಆಂಜನಪ್ಪನಿಗೆ ಬೆಳಿಗ್ಗೆಯೇ ಆ ಮಾತಿನಲ್ಲಿ ನಂಬಿಕೆ ಬಂದಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ತಾತನಿಗೆ, ಹಾಸ್ಟೆಲ್ ಲೈಬ್ರರಿಯಲ್ಲಿ ಓದಿದ ಒಬ್ಬ ದೊರೆಯ ವಿಷಯ ಹೇಳಿದ್ದ. ವ್ಲಾಡ್ ಅಂತ. ಐನೂರು ವರ್ಷದ ಹಿಂದೆ ಯುರೋಪಿನಲ್ಲಿ ಒಂದು ಸೀಮೆ ಆಳಿದವನು, ಜನರನ್ನು ಶೂಲಕ್ಕೇರಿಸುತ್ತಿದ್ದವನು. ಅವನನ್ನು ಡ್ರಾಕುಲಾ ಅಂತಲೂ ಕರೆಯುತ್ತಿದ್ದರು. ರಕ್ತ ಹೀರುವ ದೆವ್ವದ ಕತೆಗೆ ಆ ಹೆಸರೇ ಬಂತು.

"ಟೆಂಟ್ ಸಿನಿಮಾದಾಗೆ ಬಂದಿದ್ನಲ್ಲ, ಕೋರೆಹಲ್ಲಿನೋನು, ಅವನೇನ್ಲಾ?" ಮುನೆಪ್ಪ ನಕ್ಕಿದ್ದ. "ಹಲ್ಲಿತ್ತಲ್ಲ, ಪುಣ್ಯಾತ್ಮ. ನನ್ನಂಗಿದ್ದಿದ್ರೆ ರಕ್ತಾನೂ ಲೋಟದಾಗೆ ಬಗ್ಗಿಸಿ ಕೊಡ್ಬೇಕಿತ್ತು."

"ಅವನು ರಕ್ತ ಕುಡೀಲಿಲ್ಲ ತಾತಾ. ಊಟಕ್ಕೆ ಕರೆದ. ಬಡವ್ರು, ಕುಂಟ್ರು, ಮುದುಕ್ರು ಎಲ್ರನ್ನೂ ದೊಡ್ಡ ಮನೇಲಿ ಕೂರಿಸಿ ಹೊಟ್ಟೆ ತುಂಬ ಇಕ್ಕಿದ. ಆಮೇಲೆ ಬಾಗ್ಲು ಹಾಕ್ಸಿ ಬೆಂಕಿ ಇಟ್ಟ. ಹಂಗಂತ ಬರ್ದವ್ರೆ."

"ಹೊಟ್ಟೆ ತುಂಬ ಇಕ್ಕಿದ್ನಾ?" ತಾತ ಲಾಳಿ ತಳ್ಳುತ್ತಲೇ ಕೇಳಿದ್ದ. "ನಮ್ಮ ಸಾವ್ಕಾರ ಅಷ್ಟಾದ್ರೂ ಮಾಡ್ಲಿ ನೋಡಾನ. ಓದೀ ಓದೀ ತಲೆ ಕೆಟ್ಟೈತೆ ನಿಂಗೆ. ಹೋಗು, ಅಂಗಿ ಹಾಕ್ಕೋ."

ಈಗ ಸೋಮಶೇಖರಪ್ಪ ಮತ್ತೆ ಬುಟ್ಟಿ ಹಿಡಿದು ಬಂದ. ಬರಿದಾದ ಎಲೆಗಳ ಕಡೆ ಕಣ್ಣೂ ಹಾಯಿಸದೆ ನೆಟ್ಟಗೆ ಮುನೆಪ್ಪನ ಮುಂದೆ ಬಗ್ಗಿದ. "ತಿನು ತಾತಾ, ಇಂಕೊಕಟಿ," ಅಂತ ತೆಲುಗಿನಲ್ಲೇ ಇನ್ನೊಂದಕ್ಕೆ ಒತ್ತಾಯ ಮಾಡಿದ.

"ಸಾಕಪ್ಪಾ, ಸಾಕು." ಮುದುಕ ಎಲೆಗೆ ಕೈ ಅಡ್ಡ ಹಿಡಿದ. ಗುಮಾಸ್ತ ಆ ಕೈಯನ್ನು ಸರಿಸಿ ಓಳಿಗೆ ಹಾಕಿದ. ಎಲೆಗೆ ಬಿದ್ದ ಅನ್ನವನ್ನು ಬಿಟ್ಟೇಳುವವನಲ್ಲ ಮುನೆಪ್ಪ. ಅದು ಗುಮಾಸ್ತನಿಗೂ ಗೊತ್ತಿತ್ತು.

"ನಂಗೂ ಒಂದಾಕಪ್ಪಾ," ಅಂದ ಪಕ್ಕದ ಮನೆಯ ಓಬಣ್ಣ. "ಬೇಕಾದ್ರೆ ಹಲ್ಲು ಕೀಳಿಸ್ಕೊಂಡೇ ಬತ್ತೀನಿ."

ಸಾಲಿಗೆ ಸಾಲೇ ನಕ್ಕಿತು. ಗುಮಾಸ್ತ ನಗಲಿಲ್ಲ. ಗೋಡೆ ಗಡಿಯಾರ ನೋಡಿದ. ಹೋಗಿ ಛತ್ರದ ಬಾಗಿಲನ್ನು ಎಳೆದು ಮುಚ್ಚಿದ. "ನಾಯಿ ನುಗ್ತವೆ," ಅಂದ, ಯಾರೂ ಕೇಳದಿದ್ದರೂ.

ಆಂಜನಪ್ಪ ಸಾಲಿನ ಮುಖಗಳನ್ನು ನೋಡಿದ. ಕೇರಿಯ ಎಲ್ಲರೂ ಇಲ್ಲೇ ಇದ್ದರು. ಲಾರಿಗೆ ಅಡ್ಡ ಮಲಗಿದ್ದ ಹೆಂಗಸರೆಲ್ಲ ಎದುರಿಗೇ ಕೂತಿದ್ದರು. ಇಷ್ಟು ಜನರನ್ನು ಕಟ್ಟಿಹಾಕಲು ಬೆಂಕಿ ಬೇಕಿರಲಿಲ್ಲ, ಬೀಗ ಬೇಕಿರಲಿಲ್ಲ. ಒಬ್ಬ ಮುದುಕನ ಎಲೆ ಸಾಕಿತ್ತು.

ಅವನು ದಡಕ್ಕನೆ ಎದ್ದ. "ಏಳ್ರಿ! ಗುಡಿಸ್ಲು ಕೀಳ್ತಾವ್ರೆ ಅಲ್ಲಿ! ಏಳ್ರಿ ಎಲ್ರೂ!"

"ಕೂಕೊಳ್ಲಾ!" ಎದುರಿನಿಂದ ತಾಯಿ ಕಿರುಚಿದಳು. "ತಾತ ಉಣ್ತಾ ಇರೋವಾಗ ಎದ್ಬುಟ್ಟಾ? ಮಾನ ಕಳೀಬ್ಯಾಡ."

"ತಾತಾ, ಎಲೆ ಮಡ್ಚು. ನಿನ್ನ ಕಾಲಿಗೆ ಬೀಳ್ತೀನಿ."

"ಆಯ್ತು ಕಣ್ಲಾ, ಇದೊಂದು," ಅಂದ ಮುನೆಪ್ಪ, ತುಂಬಿದ ಬಾಯಲ್ಲಿ.

ಆಂಜನಪ್ಪ ಬಗ್ಗಿ ಆ ಎಲೆಯನ್ನು ಕಿತ್ತು ಎಸೆದ. ಹಾಲು ಮುದುಕನ ಪಂಚೆಯ ಮೇಲೆ ಚೆಲ್ಲಿತು. ಮುನೆಪ್ಪನ ಕೈ ಮಾತ್ರ ಎಲೆಯಿದ್ದ ಜಾಗದಲ್ಲೇ ಉಳಿಯಿತು.

ಆಗ ಪಂಕ್ತಿ ಎದ್ದಿತು. ಎದ್ದು ಬಾಗಿಲ ಕಡೆ ಹೋಗಲಿಲ್ಲ, ಅವನ ಮೇಲೆ ಬಿತ್ತು. ಓಬಣ್ಣ ಎಂಜಲು ಕೈಯಲ್ಲೇ ಕೆನ್ನೆಗೆ ಬಾರಿಸಿದ. ತಾಯಿ ಸಾಲು ದಾಟಿ ಬಂದು ಬೆನ್ನಿಗೆ ಗುದ್ದುತ್ತ ಅತ್ತಳು: "ಮುದುಕನ ಬಾಯಿನ ಅನ್ನ ಕಿತ್ಯಲ್ಲೋ! ಇದಕ್ಕಾ ನಿನ್ನ ಓದ್ಸಿದ್ದು?"

"ಹೊಡೀರಿ!" ಅಂತ ಆಂಜನಪ್ಪ ಕೂಗಿದ. "ಅಲ್ಲಿಗೋಗಿ ಹೊಡೀರಿ! ಮನೆ ಹತ್ರ ನಿಂತ್ಕೊಂಡು ಹೊಡೀರಿ!" ಒಡೆದ ತುಟಿಯಿಂದ ಬಾಯಿಗೆ ಬಂದ ರಕ್ತವನ್ನು ಉಗುಳಲು ಪುರುಸೊತ್ತಿಲ್ಲದೆ ನುಂಗಿದ.

"ಬಿಡ್ರಿ, ಹುಡುಗ ಪಾಪ," ಅನ್ನುತ್ತಿದ್ದ ಸೋಮಶೇಖರಪ್ಪ, ದೂರದಲ್ಲಿ ನಿಂತು. ಬಿಡಿಸಲು ಅವನಿಗೆ ಏನೂ ಅವಸರವಿರಲಿಲ್ಲ.

ಕೊನೆಗೆ ಎಲ್ಲರೂ ಕೇರಿ ಮುಟ್ಟಿದಾಗ ಸಾಹುಕಾರನ ಟ್ರ್ಯಾಕ್ಟರು ಆಗಲೇ ರಸ್ತೆಗೆ ಹತ್ತಿತ್ತು. ಗುಡಿಸಲುಗಳಿದ್ದಲ್ಲಿ ಗರಿ, ಗಳ, ಒಡೆದ ಮಡಕೆ. ಮಗ್ಗದ ಗುಂಡಿಗಳಿಗೆ ಮಣ್ಣು ತುಂಬಿ, ಮೇಲೆ ಗಾಲಿ ಓಡಿಸಿ ಗಟ್ಟಿ ಮಾಡಿದ್ದರು. ಬನಶಂಕರಮ್ಮ ತನ್ನ ಗುಂಡಿಯನ್ನು ಕೈಯಲ್ಲೇ ಕೆರೆದಳು. ನಿನ್ನೆ ತಾನೇ ಮಗ್ಗಕ್ಕೆ ಏರಿಸಿದ್ದ ಹಾಸಿನ ಕೆಂಪು ನೂಲಿನ ತುದಿ ಸಿಕ್ಕಿತು. ಎಳೆದಳು. ಸ್ವಲ್ಪ ದೂರ ಬಂದು ಕಿತ್ತುಹೋಯಿತು.

ಮುನೆಪ್ಪ ಕೊನೆಯಲ್ಲಿ ಬಂದ. ಕೈ ತೊಳೆದಿರಲಿಲ್ಲ. ಮೊಮ್ಮಗನ ಊದಿದ ಮುಖವನ್ನು ಒಮ್ಮೆ ನೋಡಿದ. ತನ್ನ ಮಗ್ಗವಿದ್ದ ಕಡೆ ಕುಕ್ಕರಗಾಲಲ್ಲಿ ಕೂತು, ಬೆರಳಿಗೆ ಒಣಗಿ ಹಿಡಿದಿದ್ದ ಎಂಜಲನ್ನು ಆ ಹೊಸ ಮಣ್ಣಿನಲ್ಲಿ ಉಜ್ಜತೊಡಗಿದ.

ಹೋದದ್ದು ಒಂಬತ್ತು ಗುಡಿಸಲು, ನಾಲ್ಕು ಮಗ್ಗ, ಎರಡು ಹಾಸು ನೂಲು, ಕಟ್ಟಿಹಾಕಿದ್ದ ಒಂದು ಗಬ್ಬದ ಮೇಕೆ, ಅರ್ಧ ಓಳಿಗೆ.